ಯಾವ ಗಾಡಿಗೆ?

ನನಗೊಂದು ಚಟವಿದೆ. ನಶ್ಯವಲ್ಲ, ಇಸ್ಪೀಟಲ್ಲ, ಪಕ್ಕದ ಮನೆಯವರ ಕಾಗದ ಓದುವುದೂ ಅಲ್ಲ. ಯಾರಾದರೂ ಮಲಗಿ ನಿದ್ದೆಹೋಗಿದ್ದರೆ ಸಾಕು, ಪಕ್ಕದಲ್ಲಿ ನಿಂತು, ಗಡಿಯಾರ ನೋಡಿಕೊಂಡು, ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆಂದು ಎಣಿಸುತ್ತೇನೆ. ಎಣಿಸಿದ ಮೇಲೆ ಏನೂ ಮಾಡುವುದಿಲ್ಲ. ಸುಮ್ಮನೆ ಅಡುಗೆಮನೆಗೆ ಹೋಗಿ ನನ್ನ ಕೆಲಸ ನೋಡಿಕೊಳ್ಳುತ್ತೇನೆ.

ಮದುವೆಯಾದ ಹೊಸದರಲ್ಲಿ ಇದರಿಂದ ಮನೆಯಲ್ಲಿ ಸಣ್ಣದೊಂದು ಗಲಾಟೆಯೇ ಎದ್ದಿತ್ತು. ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದ್ದ ನಮ್ಮ ಯಜಮಾನರು ಕಣ್ಣು ಬಿಟ್ಟು ನೋಡಿದರೆ, ಹೊಸ ಹೆಂಡತಿ ಅವರ ಹೊಟ್ಟೆಯನ್ನೇ ದಿಟ್ಟಿಸುತ್ತ ತುಟಿ ಅಲ್ಲಾಡಿಸುತ್ತಿದ್ದಾಳೆ. ಅವರು ಯಾರಿಗೂ ಹೇಳಲಿಲ್ಲ, ತಮ್ಮ ತಾಯಿಗೆ ಮಾತ್ರ ಹೇಳಿದರು. ಅಂದರೆ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಯಿತು. ನಮ್ಮ ಅತ್ತೆ ಒಳ್ಳೆಯವರು. ನನ್ನನ್ನು ಒಂದು ಮಾತೂ ಕೇಳದೆ, ಎಲ್ಲಿಂದಲೋ ಮಂತ್ರಿಸಿದ ಕಪ್ಪು ದಾರ ತಂದು ಮಗನ ತೋಳಿಗೆ ಕಟ್ಟಿದರು. ಆ ದಾರ ಸವೆದು ಹರಿದುಹೋದರೂ ನನ್ನ ಚಟ ಹರಿಯಲಿಲ್ಲ.

ಈಗ ಮೊಮ್ಮಗಳ ಸರದಿ. ಈ ವಾರ ಅವಳಿಗೆ ನೆಗಡಿ. ನಿನ್ನೆ ಮಧ್ಯಾಹ್ನ ನಮ್ಮ ಇಂದಿರಾನಗರದ ಮನೆಯಲ್ಲಿ ಅವಳು ಮಲಗಿದ್ದಾಗ ಎಂದಿನಂತೆ ಹೋಗಿ ನಿಂತೆ. ಹದಿನೈದಕ್ಕೆ ಬಂದಿದ್ದೆ, ಅವಳು ಕಣ್ಣು ತೆರೆಯದೆಯೇ, "ಅಜ್ಜಿ, ನೀನು ಎಣಿಸ್ತಿದ್ರೆ ನಂಗೆ ನಗು ಬರುತ್ತೆ, ಲೆಕ್ಕ ತಪ್ಪೋಗುತ್ತೆ. ಆಮೇಲ್ ಬಾ" ಎಂದಳು. ಯಾರು ಹೇಳಿಕೊಟ್ಟರು ಇದನ್ನೆಲ್ಲ ಎಂದೂ ಕೇಳಿದಳು. ಅವಳಿಗೆ ಅರ್ಧ ಹೇಳಿದೆ. ಇನ್ನರ್ಧ ಏಳು ವರ್ಷದ ಮಗುವಿಗೆ ಹೇಳುವಂಥದ್ದಲ್ಲ, ನಿಮಗೆ ಹೇಳಬಹುದು.

ಹೇಳಿಕೊಟ್ಟವರು ಎಸ್ತರಮ್ಮ. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದ ಕಾಲ. ನಾವಾಗ ಹಲಸೂರಿನಲ್ಲಿದ್ದೆವು, ಅವರು ನಮ್ಮ ಹಿಂದಿನ ಬೀದಿಯಲ್ಲಿದ್ದರು. ಕಂಟೋನ್ಮೆಂಟಿನ ಒಂದು ಧರ್ಮಾಸ್ಪತ್ರೆಯಲ್ಲಿ ನರ್ಸ್. ಆಸ್ಪತ್ರೆಯೊಳಗೆ ಅವರು ಇರುತ್ತಿದ್ದುದೇ ಕಡಿಮೆ. ವಾರದಲ್ಲಿ ಮೂರು ದಿನ ಒಂದು ತಗಡಿನ ಪೆಟ್ಟಿಗೆ, ಒಂದು ಕೊಡೆ, ಒಂದು ಸ್ಪಿರಿಟ್ ಒಲೆ ಜಟಕಾದೊಳಗಿಟ್ಟುಕೊಂಡು ಕೃಷ್ಣರಾಜಪುರದ ಕಡೆಯ ಹಳ್ಳಿಗಳಿಗೆ ಹೋಗಿ ಮಕ್ಕಳನ್ನು ನೋಡುತ್ತಿದ್ದರು. ಹಳ್ಳಿಯವರ ಬಾಯಲ್ಲಿ ಅವರು ನರ್ಸಮ್ಮ. ದಪ್ಪ ಮೈ, ಸಣ್ಣ ಪಾದ, ಮಾತು ಅರ್ಧ ಕನ್ನಡ ಅರ್ಧ ತಮಿಳು. ಎದೆಯ ಮೇಲೆ ಪಿನ್ನು ಹಾಕಿ ನೇತುಬಿಟ್ಟ ಒಂದು ಪುಟ್ಟ ಗಡಿಯಾರ. ಅದು ತಲೆಕೆಳಗಾಗಿ ನೇತಾಡುತ್ತಿತ್ತು. ನಮಗೆ ತಲೆಕೆಳಗಾದದ್ದು ಬಗ್ಗಿ ನೋಡುವ ಅವರಿಗೆ ನೆಟ್ಟಗೆ. ಚಿಕ್ಕವಳಾಗಿದ್ದಾಗ ಇದು ನನಗೆ ಜಗತ್ತಿನ ಅತಿ ದೊಡ್ಡ ಸೋಜಿಗವಾಗಿತ್ತು.

ನಾನು ಬಿ.ಎ. ಓದುತ್ತಿದ್ದೆ. ತರ್ಕಶಾಸ್ತ್ರ ನನ್ನ ಮುಖ್ಯ ವಿಷಯ. ಎಲ್ಲ ಮನುಷ್ಯರೂ ಮರ್ತ್ಯರು ಎಂದು ಬೆಳಗ್ಗೆ ತರಗತಿಯಲ್ಲಿ ಬರೆದುಕೊಂಡು, ಸಂಜೆ ಮನೆಗೆ ಬಂದು ಅಮ್ಮನ ಮಾತಿನಲ್ಲಿ ಹೇತ್ವಾಭಾಸ ಹುಡುಕುತ್ತಿದ್ದೆ. ಅಮ್ಮ ಸಹಿಸಿಕೊಂಡಷ್ಟು ದಿನ ಸಹಿಸಿಕೊಂಡರು. ಡಿಸೆಂಬರ್ ರಜೆ ಬಂದದ್ದೇ, "ಎಸ್ತರಮ್ಮ, ಇವಳನ್ನ ನಿಮ್ಮ ಜೊತೆ ಕರ್ಕೊಂಡೋಗಿ. ಮನೇಲಿದ್ರೆ ನನ್ನ ತಲೆ ತಿಂತಾಳೆ" ಎಂದರು. ಮಕ್ಕಳ ಹೆಸರು, ಊರು, ಕಾಯಿಲೆ ಬರೆದುಕೊಳ್ಳುವುದಕ್ಕೆ ಅವರಿಗೂ ಒಬ್ಬರು ಬೇಕಾಗಿತ್ತು.

ಎಸ್ತರಮ್ಮ ನನಗಿಟ್ಟ ಹೆಸರು 'ಬಿ.ಎ.' "ವಾ ಬಿ.ಎ., ಹತ್ತು" ಎಂದರು ಮೊದಲ ದಿನ, ಜಟಕಾದೊಳಗೆ ಜಾಗ ಮಾಡಿಕೊಡುತ್ತ.

ಜಟಕಾ ಹೊಡೆಯುತ್ತಿದ್ದವರು ಬಾಷಾ ಸಾಬರು. ಶಿವಾಜಿನಗರಕ್ಕೆ ಆಗ ಬ್ಲಾಕ್‌ಪಲ್ಲಿ ಎಂದೇ ಹೆಸರು. ಅಲ್ಲಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯವರು. ಅವರ ಮಗಳನ್ನು ಯಾವುದೋ ಕಾಲದಲ್ಲಿ ಎಸ್ತರಮ್ಮ ಗಂಟಲುಮಾರಿಯಿಂದ ಉಳಿಸಿದ್ದರಂತೆ. ಅಂದಿನಿಂದ ಹಳ್ಳಿಗೆ ಹೋಗುವ ದಿನ ಬೇರೆ ಯಾವ ಸವಾರಿಯನ್ನೂ ಅವರು ಹತ್ತಿಸುತ್ತಿರಲಿಲ್ಲ. ಅವರ ಕುದುರೆ ಚಮೇಲಿ. ಚಮೇಲಿಯದು ಒಂದೇ ತತ್ವ: ಹೋಗುವಾಗ ನಿಧಾನ, ಬರುವಾಗ ಓಟ. ಒಮ್ಮೆ ಮನೆಯ ಕಡೆ ಮುಖ ಮಾಡಿತೆಂದರೆ ಬ್ರಹ್ಮ ಬಂದರೂ ಅದನ್ನು ಹಿಂದಕ್ಕೆ ತಿರುಗಿಸುವಂತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಾಷಾ ಸಾಬರಿಗೆ ಇನ್ನೊಂದು ಅಭ್ಯಾಸವಿತ್ತು. ನಾನು ಹಲಸೂರಿನಲ್ಲಿ ಬೆಳೆದವಳು. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದರೆ ಅಮ್ಮ ಮೊದಲು ಕಷಾಯ ಕುಡಿಸಿ, ಆಮೇಲೆ ಸೋಮೇಶ್ವರನ ಗುಡಿಯ ವಿಭೂತಿ ಹಚ್ಚಿ, ಸಾಲದೆಂಬಂತೆ ಸಂಜೆ ಮಸೀದಿಯ ಬಾಗಿಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಎಲ್ಲ ಜಾತಿಯ ತಾಯಂದಿರೂ ಮಕ್ಕಳನ್ನೆತ್ತಿಕೊಂಡು ಸಾಲಾಗಿ ನಿಂತಿರುತ್ತಿದ್ದರು. ನಮಾಜು ಮುಗಿಸಿ ಹೊರಬಂದವರು ಒಬ್ಬೊಬ್ಬರಾಗಿ ಮಕ್ಕಳ ಮುಖದ ಮೇಲೆ ಮೆಲ್ಲಗೆ ಊದಿ ಹೋಗುತ್ತಿದ್ದರು. ಏಲಕ್ಕಿಯ ಪರಿಮಳದ ಆ ಗಾಳಿ ಹಣೆಗೆ ತಾಗಿದ್ದು ಇಂದಿಗೂ ನೆನಪಿದೆ. ಬಾಷಾ ಸಾಬರು ಇದೇ ಕೆಲಸವನ್ನು ಹಳ್ಳಿಗಳಲ್ಲಿ ಮುಂದುವರಿಸಿದ್ದರು. ಎಸ್ತರಮ್ಮ ಔಷಧ ಕೊಟ್ಟು ಮುಗಿಸಿದ ಕೂಡಲೇ ಅವರು ಬಂದು ಮಗುವಿನ ಮೇಲೆ ಊದಬೇಕು.

"ಊದಿ ಬಾಷಾ, ಊದಿ. ಹಾಗೇ ನನ್ನ ಪೆಟ್ಟಿಗೆಗೂ ಒಂದ್ಸಲ ಊದಿ, ಔಷಧಿ ಎಲ್ಲಾ ಹಳೇದು" ಎನ್ನುತ್ತಿದ್ದರು ಎಸ್ತರಮ್ಮ.

"ಆಪ್ ಕಾ ಕೈಗುಣ ಇರೋವಾಗ ಮೇರಾ ಊದೋದು ಏನಮ್ಮಾ, ಗಾಡಿ ಹಿಂದೆ ಓಡೋ ಕುದುರೆ ಮರಿ ಥರಾ. ಜೊತೇಲಿ ಇರ್ತದೆ ಅಷ್ಟೇ" ಎನ್ನುತ್ತಿದ್ದರು ಅವರು.

ಉಸಿರು ಎಣಿಸುವುದನ್ನು ಕಲಿತದ್ದು ಆ ಚಳಿಗಾಲದಲ್ಲಿ. ಎಸ್ತರಮ್ಮ ಗಡಿಯಾರ ಹಿಡಿದು "ಈಗ" ಎನ್ನುವರು. ನಾನು ಮಗುವಿನ ಅಂಗಿ ಎತ್ತಿ ಎಣಿಸಬೇಕು. "ಸಾಕು" ಎಂದಾಗ ಅಂಕಿ ಹೇಳಬೇಕು. "ಎದೆ ನೋಡಬೇಡ ಕಣ್ಣು, ಹೊಟ್ಟೆ ನೋಡು. ಮಗು ಉಸಿರು ಹೊಟ್ಟೇಲಿರುತ್ತೆ. ಪಕ್ಕೆ ಒಳಗೆ ಸೇದ್ಕೊಳ್ತಾ ಇದ್ರೆ ನನ್ನ ಕರಿ" ಎಂದು ಹೇಳಿಕೊಟ್ಟಿದ್ದರು. ಅವರು ಪ್ರೀತಿಯಿಂದ 'ಕಣ್ಣು' ಎಂದರೆ ಸಮಾಧಾನ. ಕೆಲಸ ಕೆಟ್ಟರೆ ಮತ್ತೆ 'ಬಿ.ಎ.'

ಆ ರಜೆಯಲ್ಲೇ ಒಂದು ಬೆಳಗ್ಗೆ ನಾವು ಹೊರಮಾವಿಗೆ ಹೋದಾಗ ಊರಿಗೆ ಊರೇ ಅವರೆಕಾಯಿ ಸೊಗಡಿನಲ್ಲಿ ಮುಳುಗಿತ್ತು. ಮನೆಮನೆಯ ಜಗುಲಿಯಲ್ಲೂ ಕಾಯಿ ರಾಶಿ, ಸಿಪ್ಪೆ ರಾಶಿ. ಕೆರೆ ಏರಿಯಾಚೆ, ಹೊಲಗಳ ತುದಿಯಲ್ಲಿ ಮದ್ರಾಸಿನ ಕಡೆಗೆ ಹೋಗುವ ರೈಲುದಾರಿ. ಊರವರು ನಮ್ಮನ್ನು ಕರೆದೊಯ್ದದ್ದು ಪಿಳ್ಳಮ್ಮಜ್ಜಿಯ ಮನೆಗೆ. ಪಿಳ್ಳಮ್ಮಜ್ಜಿ ಮೂವತ್ತು ವರ್ಷ ಸೊಪ್ಪಿನ ಮಂಕರಿ ಹೊತ್ತು ಬೆಳಗಿನ ರೈಲಿನಲ್ಲಿ ಬ್ಲಾಕ್‌ಪಲ್ಲಿಯ ಮಾರ್ಕೆಟ್ಟಿಗೆ ಮಾರಲು ಹೋದವಳು. ಕಡ್ಡಿಯಂಥ ಮೈ, ಗಂಟೆಯಂಥ ಗಂಟಲು. ಅವಳ ಮೊಮ್ಮಗಳು ಗೌರಿ, ಮೂರು ವರ್ಷದವಳು, ಒಳಗೆ ಕಂಬಳಿಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ತಾಯಿ ನಂಜಮ್ಮ, ಕಣ್ಣು ಅತ್ತು ಅತ್ತು ಊದಿಕೊಂಡಿತ್ತು.

"ಈಗ" ಎಂದರು ಎಸ್ತರಮ್ಮ.

ಗೌರಿಯ ಹೊಟ್ಟೆ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಒಂದೊಂದು ಉಸಿರಿಗೂ ಪಕ್ಕೆ ಒಳಕ್ಕೆ ಸೇದಿಕೊಳ್ಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು.

"ಅರವತ್ತೆಂಟು" ಎಂದೆ.

ಎಸ್ತರಮ್ಮ ಪೆಟ್ಟಿಗೆಯ ತಳದಿಂದ ಒಂದು ಸಣ್ಣ ಸೀಸೆ ತೆಗೆದರು. ಸಲ್ಫಾ ಮಾತ್ರೆ. ಆಗಿನ್ನೂ ಹೊಸದು. ಯುದ್ಧದ ಸಿಪಾಯಿಗಳಿಗೇ ಸಾಲದೆಂದು ಆಸ್ಪತ್ರೆಗೆ ಎಣಿಸಿ ಎಣಿಸಿ ಕೊಡುತ್ತಿದ್ದರು. ಇದಕ್ಕೆ ಮುಂಚೆ ಪುಪ್ಪುಸಕ್ಕೆ ಹೀಗೆ ಕಫ ಕಟ್ಟಿದ ಮಕ್ಕಳಿಗೆ ಎಸ್ತರಮ್ಮ ಮಾಡಬಹುದಾಗಿದ್ದುದು ಬಿಸಿ ಅಗಸೆ ಪಟ್ಟಿ ಕಟ್ಟಿ, ತಮ್ಮ ದೇವರನ್ನು ಕರೆಯುವುದಷ್ಟೇ.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ ಪಿಳ್ಳಮ್ಮಜ್ಜಿ ಒಲೆಯ ಮುಂದೆ ಕೂತು ಅರಿಶಿನದ ಕೊಂಬು ಕಾಯಿಸುತ್ತಿದ್ದಾಳೆ, ಮಗುವಿನ ಎದೆಗೆ ಬರೆ ಹಾಕುವುದಕ್ಕೆ.

"ಅಜ್ಜೀ, ಅದನ್ನ ಕೆಳಗಿಡಿ" ಎಂದರು ಎಸ್ತರಮ್ಮ.

"ನನ್ ಮಗನ್ಗೂ ಹಾಕಿದ್ದೆ. ಬದುಕ್ದ."

"ಬರೆಗೆ ಬದುಕಲಿಲ್ಲ, ನಿಮ್ಮ ಪುಣ್ಯಕ್ಕೆ ಬದುಕ್ದ. ನಾಳಿದ್ದು ನಾನು ಬರೋವರೆಗೂ ಹಾಕಬೇಡಿ. ಆವತ್ತೂ ಹೀಗೇ ಇದ್ರೆ ನಂಗೇ ಬರೆ ಹಾಕಿ, ಜಾಗ ಬೇಕಾದಷ್ಟಿದೆ."

ಅಜ್ಜಿ ಎಸ್ತರಮ್ಮನ ಮೈಯನ್ನು ಮೇಲಿನಿಂದ ಕೆಳಗೆ ಅಳೆದು ನೋಡಿದಳು. ಆಮೇಲೆ ಕೊಂಬನ್ನು ನೀರಿಗೆ ಚುಯ್ಯೆನ್ನಿಸಿ, ಎಲೆಯಡಿಕೆ ಚೀಲದೊಳಕ್ಕೆ ಹಾಕಿಕೊಂಡಳು. ಎಸೆಯಲಿಲ್ಲ. ನಾನು ಅದನ್ನು ಗಮನಿಸಿದೆ. ಈ ಮುದುಕಿಯನ್ನು ನಂಬಬಾರದೆಂದು ಅಲ್ಲೇ ತೀರ್ಮಾನಿಸಿದೆ.

ಮೊದಲ ಸಲದ ಮಾತ್ರೆಯನ್ನು ಎಸ್ತರಮ್ಮನೇ ಪುಡಿ ಮಾಡಿ, ಜೇನಿನಲ್ಲಿ ಕಲಸಿ ನೆಕ್ಕಿಸಿದರು. ಎರಡು ದಿನಕ್ಕೆ ಬೇಕಾದ ಇನ್ನೆಂಟು ಪೊಟ್ಟಣ ಕಟ್ಟುವ ಕೆಲಸ ನನ್ನದು. ಯುದ್ಧಕಾಲ, ಕಾಗದಕ್ಕೆ ಬರ. ನನ್ನ ತರ್ಕಶಾಸ್ತ್ರದ ನೋಟ್ಸನ್ನೇ ಹರಿದು ಕಟ್ಟಿದೆ. ಪೊಟ್ಟಣಗಳನ್ನು ಅಜ್ಜಿಯ ಮನೆಯ ಒಂದು ತಗಡಿನ ಡಬ್ಬಿಯಲ್ಲಿ ಹಾಕಿಟ್ಟೆವು.

"ಈ ಮದ್ದು ಕಮ್ಮಿ ಆದ್ರೆ ಕೆಲಸ ಮಾಡಲ್ಲ, ಜಾಸ್ತಿ ಆದ್ರೆ ಉಚ್ಚೆ ಕಟ್ಕೊಂಡು ಮಗು ಹೋಗ್ಬಿಡುತ್ತೆ" ಎಂದು ಎಸ್ತರಮ್ಮ ನನಗೊಬ್ಬಳಿಗೆ ಮೆಲ್ಲಗೆ ಹೇಳಿದರು. "ದಿನಕ್ಕೆ ನಾಲ್ಕು ಸಲ. ನಂಜಮ್ಮನಿಗೆ ಸರಿಯಾಗಿ ಹೇಳಿ ಬಾ. ನಾನು ಪಕ್ಕದ ಮನೆ ಕೂಸಿನ ಕಿವಿ ನೋಡ್ತೀನಿ."

ಹಳ್ಳಿಯಲ್ಲಿ ಗಡಿಯಾರವಿಲ್ಲ. ಎಸ್ತರಮ್ಮ ಯಾವಾಗಲೂ ಹೇಳುತ್ತಿದ್ದ ಕ್ರಮವೆಂದರೆ, ದನ ಬಿಡುವಾಗ ಒಂದು, ಬುತ್ತಿ ಹೊತ್ತಿಗೆ ಒಂದು, ದನ ಮನೆಗೆ ಬಂದಾಗ ಒಂದು, ಮಲಗುವಾಗ ಒಂದು. ಇದು ನನಗೆ ಬಹಳ ದಿನದಿಂದ ಸರಿಬಂದಿರಲಿಲ್ಲ. ದನ ದಿನಾ ಒಂದೇ ಹೊತ್ತಿಗೆ ಬರುತ್ತದೆಯೇ? ದನಕ್ಕೆ ಹೊತ್ತಿನ ಅರಿವು ಎಲ್ಲಿಯದು? ಅದೇ ರೈಲು ನೋಡಿ, ಅದು ವೇಳಾಪಟ್ಟಿಗೆ ಬದ್ಧ. ದಿನಕ್ಕೆ ನಾಲ್ಕು ಗಾಡಿ ಆ ದಾರಿಯಲ್ಲಿ ಹೋಗುವುದು ನನಗೆ ಹಲಸೂರಿನಿಂದಲೇ ಗೊತ್ತಿತ್ತು. ಹೊತ್ತೂ ಹೆಚ್ಚು ಕಡಿಮೆ ಮದ್ದಿನ ಹೊತ್ತೇ. ಇಷ್ಟು ಸುಲಭದ ಉಪಾಯ ಇಪ್ಪತ್ತು ವರ್ಷದಿಂದ ಎಸ್ತರಮ್ಮನಿಗೆ ಹೊಳೆದಿಲ್ಲವಲ್ಲ ಎಂದು ಒಳಗೊಳಗೇ ಮರುಕಪಟ್ಟೆ.

"ನೋಡಮ್ಮ ನಂಜಮ್ಮ, ರೈಲು ಕೂಗಿದ್ದು ಕೇಳ್ಸುತ್ತಲ್ಲ? ಗಾಡಿ ಹೋದಾಗ ಒಂದು ಪೊಟ್ಟಣ ಜೇನಲ್ಲಿ ಕಲಸಿ ಕೊಡು. ಮೇಲೆ ಚೆನ್ನಾಗಿ ನೀರು ಕುಡಿಸು. ಅಷ್ಟೇ."

ಮೂಲೆಯಿಂದ ಪಿಳ್ಳಮ್ಮಜ್ಜಿ ಕೇಳಿದಳು: "ಯಾವ್ ಗಾಡಿಗೆ?"

ನನಗೆ ಸಿಡುಕು ಬಂತು. ಬರೆ ಹಾಕಲು ಹೊರಟವಳು ಈಗ ಮದ್ದಿನಲ್ಲಿ ಕೊಂಕು ತೆಗೆಯುತ್ತಿದ್ದಾಳೆ ಎಂದುಕೊಂಡೆ.

"ಯಾವುದಾದ್ರೇನಜ್ಜಿ? ಗಾಡಿ ಬಂದಾಗೆಲ್ಲ" ಎಂದೆ.

ಈ 'ಬಂದಾಗೆಲ್ಲ' ಎಂಬ ಮಾತನ್ನು ನಾನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಹಿಂದಕ್ಕೆ ನುಂಗಲು ನೋಡಿದ್ದೇನೋ ಲೆಕ್ಕವಿಲ್ಲ. ಸ್ನಾನ ಮಾಡುವಾಗ, ಪಾಠ ಮಾಡುವಾಗ, ಉಪ್ಪಿಟ್ಟಿಗೆ ರವೆ ಹುರಿಯುವಾಗ ಅದು ಗಂಟಲಲ್ಲಿ ಬಂದು ನಿಲ್ಲುತ್ತದೆ. ನಾಲ್ಕು ಎಂಬ ಅಂಕಿಯನ್ನು ನಾನು ಹೇಳಲೇ ಇಲ್ಲ. ನನಗೆ ಅದು ಅಷ್ಟು ಸ್ಪಷ್ಟವಾಗಿತ್ತು.

ಅಲ್ಲಿಂದ ಹೊರಟು ಮುಂದಿನ ಊರಿನಲ್ಲಿ ಕಣ್ಣುಬೇನೆಯ ಇಬ್ಬರು ಮಕ್ಕಳನ್ನು ನೋಡಿದೆವು. ಒಂದು ರೈಲು ಕೂಗಿತು. ಮಜ್ಜಿಗೆ ಕುಡಿದೆವು. ಇನ್ನೊಂದು ಕೂಗಿತು. ನನಗೆ ಏನೂ ಅನ್ನಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮನೆಯ ದಾರಿ ಹಿಡಿದೆವು. ಚಮೇಲಿ ಕಿವಿ ನಿಮಿರಿಸಿಕೊಂಡು ಓಡಿತು. ರೈಲುದಾರಿಯ ಗೇಟು ಹಾಕಿತ್ತು.

ಗೇಟಿನ ಮುಂದೆ ನಿಲ್ಲುವುದು ನನಗೆ ಚಿಕ್ಕಂದಿನಿಂದಲೂ ಹಬ್ಬ. ಇಳಿದು ಕಂಬಿಗೆ ಆತು ನಿಂತೆ. ಗಾಡಿ ಬಂತು. ತುಂಬ ಸಿಪಾಯಿಗಳು. ಕಿಟಕಿ, ಬಾಗಿಲುಗಳಲ್ಲೆಲ್ಲ ನೇತಾಡುತ್ತ ಹಾಡುತ್ತಿದ್ದರು. ನಾನು ಕೈ ಬೀಸಿದೆ. ಅವರೂ ಬೀಸಿದರು. ಒಬ್ಬ ಬಿಸ್ಕತ್ತಿನ ಪೊಟ್ಟಣ ಎಸೆದ. ಅದು ಬಾಷಾ ಸಾಬರ ಟೋಪಿಗೆ ಬಡಿದು ಕೆಳಗೆ ಬಿತ್ತು. ಎಸ್ತರಮ್ಮ ನಕ್ಕು ನಕ್ಕು ಜಟಕಾವನ್ನೇ ಅಲ್ಲಾಡಿಸಿದರು. ಗೇಟು ತೆರೆಯಲಿಲ್ಲ. ಇನ್ನೊಂದು ಗಾಡಿ ಬಂತು. ಮತ್ತೆ ಸಿಪಾಯಿಗಳು, ಮತ್ತೆ ಹಾಡು, ನಾನು ಮತ್ತೆ ಎರಡೂ ಕೈ ಬೀಸಿದೆ.

"ಇವತ್ತು ಎಷ್ಟು ಗಾಡಿ ಬಾಷಾ ಸಾಬ್!" ಎಂದೆ ಸಂತೋಷದಿಂದ.

"ಕಲ್ ಸೇ ಐಸಾಚ್ ಹೈ ಅಮ್ಮಾ" ಎಂದರು ಅವರು, ಬಿಸ್ಕತ್ತನ್ನು ಚಮೇಲಿಗೆ ತಿನ್ನಿಸುತ್ತ. "ನೆನ್ನೆಯಿಂದ ಫೌಜ್ ಗಾಡಿ ಮೇಲೆ ಫೌಜ್ ಗಾಡಿ. ಟೈಮೂ ಇಲ್ಲ, ಲೆಕ್ಕಾನೂ ಇಲ್ಲ. ನಮ್ದೂ ಇಸ್ಟೇಷನ್ ಸವಾರಿ ಎಲ್ಲಾ ಬರ್‌ಬಾದ್."

ಬೀಸುತ್ತಿದ್ದ ಕೈ ಹಾಗೇ ನಿಂತಿತು. ಮಜ್ಜಿಗೆಗೆ ಮುಂಚೆ ಒಂದು. ಆಮೇಲೊಂದು. ಇಲ್ಲಿ ಎರಡು. ನಾಲ್ಕು. ಮೂರು ಗಂಟೆಗಳೊಳಗೆ ನಾಲ್ಕು ಪೊಟ್ಟಣ. ಗಾಡಿ ಬಂದಾಗೆಲ್ಲ.

"ಸಿಸ್ಟರ್" ಎಂದೆ. ನಂಜಮ್ಮನಿಗೆ ಹೇಳಿ ಬಂದದ್ದನ್ನು ತಡವರಿಸುತ್ತ ಹೇಳಿದೆ.

ಎಸ್ತರಮ್ಮನ ಮುಖದ ನಗು ಇಳಿದುಹೋಯಿತು. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಗಾಡಿ ತಿರುಗಿಸಿ ಬಾಷಾ" ಎಂದಷ್ಟೇ ಹೇಳಿದರು.

ಚಮೇಲಿ ತಿರುಗುತ್ತದೆಯೇ? ಬಾಷಾ ಸಾಬರು ಲಗಾಮು ಎಳೆದರು, ಮುದ್ದಿಸಿದರು, ಅದರ ಅಪ್ಪ ಅಮ್ಮನನ್ನೆಲ್ಲ ದಖನಿಯಲ್ಲಿ ನೆನೆದರು. ಅದು ನಾಲ್ಕು ಕಾಲನ್ನೂ ಊರಿ, ಗೇಟಿನ ಕಂಬಿಯನ್ನು ನೋಡುತ್ತ ನಿಂತಿತು. ನಾನು ಕಾಯಲಿಲ್ಲ. ಸೀರೆ ಎತ್ತಿ ಕಟ್ಟಿ, ಚಪ್ಪಲಿ ಕೈಗೆ ತೆಗೆದುಕೊಂಡು, ರೈಲುದಾರಿಯ ಪಕ್ಕದ ಕಾಲುಹಾದಿಯಲ್ಲಿ ಹೊರಮಾವಿನ ಕಡೆಗೆ ಓಡಿದೆ. ಒಂದೂವರೆ ಮೈಲಿ.

ನಾನು ಓಡುವವಳಲ್ಲ. ಶಾಲೆಯಲ್ಲಿ ಚಮಚದಲ್ಲಿ ನಿಂಬೆಹಣ್ಣಿಟ್ಟು ಓಡುವ ಪಂದ್ಯದಲ್ಲಿ ಹಣ್ಣು ಬೀಳಿಸದೆ ಕೊನೆಯವಳಾಗಿ ಬಂದು ಹೆಸರು ಮಾಡಿದವಳು. ಅವರೆ ಹೊಲದ ಬದುವಿನಲ್ಲಿ ಎಡವಿ ಹೆಬ್ಬೆರಳು ಒಡೆಯಿತು. ಅರ್ಧ ದಾರಿಯಲ್ಲಿ ಹಿಂದಿನಿಂದ ಐದನೆಯ ಗಾಡಿ ಕೂಗಿತು. ಅಷ್ಟು ಭಯಂಕರವಾದ ಶಬ್ದವನ್ನು ಆಮೇಲೆ ನಾನು ಕೇಳಿಲ್ಲ. ನಾನು ಗಾಡಿಯ ಕಡೆ ತಿರುಗಿ, ಎರಡು ಕೈಯನ್ನೂ ಎತ್ತಿ, "ಕೂಗಬೇಡ, ಕೂಗಬೇಡ" ಎಂದು ಅರಚಿದೆ. ಸಿಪಾಯಿಗಳಿಗೆ ಏನು ಗೊತ್ತು? ಚಪ್ಪಲಿ ಹಿಡಿದು ರೈಲಿನ ಜೊತೆ ಓಡುತ್ತಿರುವ ಹುಡುಗಿಯನ್ನು ನೋಡಿ ಇಡೀ ಗಾಡಿಯೇ ಹೋ ಎಂದು ಹುರಿದುಂಬಿಸಿತು. ಡ್ರೈವರೂ ಖುಷಿಯಾಗಿ ಇನ್ನೊಂದು ಸಲ ಕೂಗಿಸಿದ. ಅದು ಆರೆಂದು ಲೆಕ್ಕಕ್ಕೆ ಬರುತ್ತದೆಯೋ ಎಂದು ಯೋಚಿಸಿದ್ದು ನೆನಪಿದೆ.

ಪಿಳ್ಳಮ್ಮಜ್ಜಿಯ ಮನೆಯ ಮುಂದೆ ಜನ ಸೇರಿದ್ದರು. ಹಳ್ಳಿಯಲ್ಲಿ ಮನೆ ಮುಂದೆ ಜನ ಸೇರುವುದು ಏತಕ್ಕೆಂದು ನಿಮಗೆ ಗೊತ್ತು. ಒಳಗಿಂದ ನಂಜಮ್ಮನ ಅಳು ಕೇಳಿಸಿತು.

ನನ್ನನ್ನು ಕಂಡದ್ದೇ ಅವಳು ಓಡಿಬಂದು ಕೈ ಹಿಡಿದುಕೊಂಡಳು. "ಅಮ್ಮೋರೇ, ನೀವೇ ಬಂದ್ರಲ್ಲ, ದೇವ್ರು ಬಂದಂಗ್ ಬಂದ್ರಿ. ಐದ್ ಗಾಡಿ ಓಯ್ತು ಅಮ್ಮೋರೇ. ಒಂದಕ್ಕೂ ಕೊಡಾಕೆ ಬಿಡ್ನಿಲ್ಲ ಈವಮ್ಮ. ಮದ್ದಿನ್ ಡಬ್ಬಿ ಮ್ಯಾಲೆ ಕುಂತವ್ಳೆ. ನೀವೇ ನೋಡಿ."

ನೋಡಿದೆ. ಪಿಳ್ಳಮ್ಮಜ್ಜಿ ಮಗುವಿನ ತಲೆಯ ಪಕ್ಕದಲ್ಲಿ, ಕೋಳಿ ಕಾವಿಗೆ ಕೂತಂತೆ, ತಗಡಿನ ಡಬ್ಬಿಯ ಮೇಲೆ ಕೂತಿದ್ದಳು. ಎರಡು ಕೈಯಲ್ಲೂ ಡಬ್ಬಿಯ ಅಂಚು ಹಿಡಿದಿದ್ದಳು. ಮುಂದೆ ನೆಲದ ಮೇಲೆ ಒಂದಷ್ಟು ಜೇನು ಚೆಲ್ಲಿ ಇರುವೆ ಮುತ್ತಿತ್ತು.

"ಮೊದಲ್ನೇ ಗಾಡಿಗೆ ನಾನ್ ಕಲ್ಸಿದ್ದನ್ನ ಕೈಯಿಂದ ಒಡ್ದು ಕೆಡಗಿದ್ಲು" ಎಂದು ನಂಜಮ್ಮ ಬಿಕ್ಕಿದಳು.

"ಮೊಮ್ಮಗಳ ಮ್ಯಾಲೂ ಅಟವಾ ಮುದುಕಿಗೆ? ಓದಿದೋರು ಏಳವ್ರೆ, ಇವ್ಳಿಗೇನ್ ಗೊತ್ತು" ಎಂದ ಬಾಗಿಲಲ್ಲಿದ್ದ ಒಬ್ಬ.

"ಎಳ್ದಾಕ್ರೋ ಅವ್ಳನ್ನ" ಎಂದ ಇನ್ನೊಬ್ಬ.

ನಾನು ಬಗ್ಗಿ ಗೌರಿಯ ಹೊಟ್ಟೆ ನೋಡಿದೆ. ಓಡುತ್ತಿತ್ತು. ಬೆಳಗ್ಗೆ ಎಷ್ಟು ಜೋರಾಗಿ ಓಡುತ್ತಿತ್ತೋ ಅಷ್ಟೇ ಜೋರಾಗಿ, ಜೀವಂತವಾಗಿ ಓಡುತ್ತಿತ್ತು. ನಾನು ಅವಳ ಪಕ್ಕದಲ್ಲೇ ಕೂತೆ. ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ತಿಳಿಯಲಿಲ್ಲ.

"ಅಜ್ಜಿ, ಯಾಕೆ ಕೊಡ್ಲಿಲ್ಲ?" ಎಂದೆ.

"ಅದು ಗಾಡಿ ಅಲ್ಲ" ಎಂದಳು ಪಿಳ್ಳಮ್ಮಜ್ಜಿ, ಡಬ್ಬಿ ಬಿಡದೆ. "ನಂ ಸೊಪ್ಪಿನ್ ಗಾಡಿ ಓಯ್ತು, ಬೆಳಿಗ್ಗೆ. ಬುತ್ತಿ ಗಾಡಿ ಇನ್ನೂ ಬಂದಿಲ್ಲ. ಸಂಜೀಕೆ ದನದ್ ಗಾಡಿ, ರಾತ್ರೀಕೆ ಟಪ್ಪಾಲ್ ಗಾಡಿ. ನಾಕೇ. ಇವೆಲ್ಲ ಏನೋ ಓಡ್ತಾವಪ್ಪ. ಇದ್ರಾಗೆ ನಮ್ಮೋರು ಯಾರಾನಾ ಅತ್ತಾರಾ, ಇಳೀತಾರಾ? ಯಾರೂ ಅತ್ದೆ ಇಳೀದೆ ಇರಾದು ಅದ್ಯಾವ್ ಗಾಡಿ? ಅದ್ಕೇ ನಿನ್ನ ಕೇಳ್ದೆ, ಯಾವ್ ಗಾಡಿಗೆ ಅಂತ. ನೀನು ಸಿಡುಕ್ದೆ."

ಗಾಡಿಗೆ ಇಷ್ಟು ಒಳ್ಳೆಯ ಲಕ್ಷಣವನ್ನು ನಮ್ಮ ಪ್ರೊಫೆಸರೂ ಹೇಳಿಕೊಟ್ಟಿರಲಿಲ್ಲ.

ಈಗ ಬಂತು ಕಷ್ಟ. ಬಾಗಿಲ ತುಂಬ ಜನ. ತಪ್ಪು ನನ್ನದೆಂದು ಹೇಳಿದರೆ, ಆ ಮದ್ದು ಜ್ವರವನ್ನಷ್ಟೇ ಅಲ್ಲ ಮಗುವನ್ನೂ ತೆಗೆಯಬಹುದಾಗಿತ್ತೆಂದು ಊರಿಗೇ ಗೊತ್ತಾಗುತ್ತದೆ. ಮುಂದೆ ಎಸ್ತರಮ್ಮನ ಪೆಟ್ಟಿಗೆಯನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ? ಹೇಳದಿದ್ದರೆ, ಮೊಮ್ಮಗಳನ್ನು ಉಳಿಸಿದವಳು ಮೊಮ್ಮಗಳ ಶತ್ರುವೆನಿಸಿಕೊಂಡು ಉಳಿಯುತ್ತಾಳೆ. ಒಂದು ಗಳಿಗೆ, ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ನಾನು ಸುಮ್ಮನಿದ್ದೆ. ಆಮೇಲೆ ಹೇಳಿದೆ. "ನಂಜಮ್ಮ, ನಿಮ್ಮ ಅತ್ತೆ ಮಾಡಿದ್ದೇ ಸರಿ. ದಿನಕ್ಕೆ ನಾಲ್ಕೇ ಕೊಡ್ಬೇಕು. ನಾನು ತಪ್ಪು ಹೇಳ್ದೆ. ಅಷ್ಟೂ ಕೊಟ್ಟಿದ್ರೆ ಮಗು ಉಳೀತಿರಲಿಲ್ಲ."

'ಎಳ್ದಾಕ್ರೋ' ಎಂದವನು ಮೆಲ್ಲನೆ ಹಿಂದಕ್ಕೆ ಸರಿದ. ನಂಜಮ್ಮ ಅತ್ತೆಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಹೋಗಿ ಅತ್ತೆಯ ಮಡಿಲಲ್ಲಿ ಮುಖವಿಟ್ಟುಕೊಂಡಳು.

"ಸಾಕೇಳು, ಡಬ್ಬಿ ಒತ್ತಿ ಒತ್ತಿ ನನ್ ಕುಂಡೀನೇ ತೂತಾಗೈತೆ" ಎಂದಳು ಅಜ್ಜಿ. ಊರೆಲ್ಲ ನಕ್ಕಿತು.

ಎಸ್ತರಮ್ಮ ಬಂದದ್ದು ಆಗ. ಚಮೇಲಿ ಕೊನೆಗೆ ತಿರುಗಿದ್ದು ಬಾಷಾ ಸಾಬರು ಯಾರದೋ ಹೊಲದ ಅವರೆ ಬಳ್ಳಿ ಹಿಡಿದು ಮುಂದೆ ಮುಂದೆ ನಡೆದದ್ದರಿಂದಂತೆ. ಎಸ್ತರಮ್ಮ ಎಲ್ಲವನ್ನೂ ಕೇಳಿದರು. ಮಗುವನ್ನು ನೋಡಿದರು. ನನ್ನನ್ನು ನೋಡಲಿಲ್ಲ. ಅಜ್ಜಿಯ ಪಕ್ಕ ಕಷ್ಟಪಟ್ಟು ನೆಲದ ಮೇಲೆ ಕೂತು, "ಹೇಳಿ ಅಜ್ಜಿ, ಬುತ್ತಿ ಗಾಡಿ ಯಾವಾಗ?" ಎಂದರು.

"ಬತ್ತದೆ, ಕುಂತ್ಕ."

ನಾವೆಲ್ಲ ಕೂತೆವು. ಜಗುಲಿಯಲ್ಲಿದ್ದ ಅವರೆಕಾಯಿ ರಾಶಿಯನ್ನು ಯಾರೋ ಮುಂದಕ್ಕೆ ತಳ್ಳಿದರು. ಕೈ ಸುಮ್ಮನಿರಲಾರದೆ ಎಲ್ಲರೂ ಸುಲಿಯತೊಡಗಿದೆವು. ಎಸ್ತರಮ್ಮ ಸುಲಿದರು, ಬಾಷಾ ಸಾಬರು ಸುಲಿದರು, ನಾನೂ ಸುಲಿದೆ. ಒಂದು ಗಾಡಿ ಕೂಗಿತು. ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ತಲೆಯನ್ನೂ ಎತ್ತಲಿಲ್ಲ. ಇನ್ನೊಂದು ಕೂಗಿತು. "ಉಹೂಂ" ಎಂದಳು. ಸ್ವಲ್ಪ ಹೊತ್ತಾದ ಮೇಲೆ ದೂರದಲ್ಲಿ ಮತ್ತೊಂದು ಶಬ್ದ. ಅಜ್ಜಿಯ ಕೈ ನಿಂತಿತು. ಕಿವಿ ಓರೆ ಮಾಡಿದಳು. ಮುಖ ಅರಳಿತು.

"ಇದು" ಎಂದು ಎದ್ದು ಡಬ್ಬಿ ಕೊಟ್ಟಳು.

"ಹೇಗೆ ಗೊತ್ತಾಯ್ತು ಅಜ್ಜಿ?" ಎಂದೆ.

"ಕೇಳ್ಸಿಲ್ವಾ? ಇದು ಟೇಸನ್ನಾಗೆ ನಿಲ್ಲೋ ಗಾಡಿ, ಏದುಸ್ರು ಬಿಟ್ಕಂಡು ನಿಧಾನ್ಕೆ ಬತ್ತದೆ. ಅವು ನಿಲ್ಲಾಕಿಲ್ಲ, ಒಂದೇ ಉಸ್ರಿಗೆ ಓಯ್ತವೆ. ನೀನ್ ಮಗೀನ್ ಉಸ್ರು ಎಣಿಸ್ತೀಯ, ನಾನ್ ಗಾಡಿ ಉಸ್ರು ಎಣಿಸ್ತೀನಿ. ಅಷ್ಟೇಯ."

ಗೌರಿಗೆ ಮದ್ದು ನೆಕ್ಕಿಸಿದ್ದಾಯಿತು. ಬಾಷಾ ಸಾಬರು ಊದಿದರು. ಎಸ್ತರಮ್ಮ ಕೇಳಿಕೊಂಡಿದ್ದರಿಂದ ನನ್ನ ಮೇಲೂ ಒಮ್ಮೆ ಊದಿದರು. ಹೊರಡುವಾಗ ಅಜ್ಜಿಯ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು. ಹೆಬ್ಬೆರಳಿಂದ ರಕ್ತ ಸುರಿದು ಒಣಗಿತ್ತು. ಕೈಯಲ್ಲಿ ಚಪ್ಪಲಿ ಒಂದೇ ಇತ್ತು. ಇನ್ನೊಂದು ಇಂದಿಗೂ ಯಾವುದೋ ಅವರೆ ಹೊಲದಲ್ಲಿದೆ. ಅಜ್ಜಿ ಎಲೆಯಡಿಕೆ ಚೀಲಕ್ಕೆ ಕೈಹಾಕಿ ಅದೇ ಅರಿಶಿನದ ಕೊಂಬು ತೆಗೆದಳು. ನಾನು ಹಿಂದಕ್ಕೆ ಜಿಗಿದೆ.

"ಎದರ್ಕಬ್ಯಾಡ, ಸುಡಾಕಿಲ್ಲ" ಎಂದು ಕಲ್ಲಿನ ಮೇಲೆ ತೇಯ್ದು, ತಣ್ಣಗೆ ಹಚ್ಚಿ, ಬಟ್ಟೆ ಸುತ್ತಿದಳು. ಬರೆಗೆಂದು ಇಟ್ಟುಕೊಂಡ ಕೊಂಬು ಹಾಗೆ ಖರ್ಚಾಯಿತು.

ದಾರಿಯಲ್ಲಿ ಹಲಸೂರು ಕೆರೆ ಕಂಡ ಮೇಲೆ ಎಸ್ತರಮ್ಮ, "ನಾಳಿದ್ದು ಬೇಗ ಬಾ ಕಣ್ಣು" ಎಂದರು. ಬಿ.ಎ. ಎನ್ನಲಿಲ್ಲ. ಆಗ ನನಗೆ ನಿಜವಾಗಿ ಅಳು ಬಂತು.

ಹೇಳಿದಂತೆ ಮೂರನೆಯ ದಿನ ಹೋದೆವು. ಚಮೇಲಿ ಎಂದಿನಂತೆ ನಿಧಾನ. ಹೊರಮಾವಿನ ಮೊದಲ ಮನೆ ಕಂಡಾಗ ನಾನು ಎಸ್ತರಮ್ಮನ ಕೈ ಹಿಡಿದುಕೊಂಡಿದ್ದೆ. ಅಜ್ಜಿಯ ಜಗುಲಿಯ ಮೇಲೆ ಗೌರಿ ಕೂತಿದ್ದಳು. ಮೂಗಿನಲ್ಲಿ ಸಿಂಬಳ, ಕೈಯಲ್ಲಿ ರಾಗಿಮುದ್ದೆಯ ಒಂದು ತುಣುಕು. ಹಿಸುಕಿದ ಬೇಳೆ ಸಾರು ಬೇಕೆಂದು ರಂಪ ಮಾಡುತ್ತಿದ್ದಳು.

"ಈಗ" ಎಂದರು ಎಸ್ತರಮ್ಮ. ಮಗು ಕೊಸರಾಡಿದ್ದರಿಂದ ಎರಡು ಸಲ ಲೆಕ್ಕ ತಪ್ಪಿತು. ಮೂರನೆಯ ಸಲ ಸಿಕ್ಕಿತು.

"ಮೂವತ್ತೆರಡು" ಎಂದೆ. ಹೇಳುವಾಗ ನನ್ನದೇ ಉಸಿರು ಎಷ್ಟಿತ್ತೋ.

ಖಾಲಿ ಪೊಟ್ಟಣಗಳನ್ನೆಲ್ಲ ಅಜ್ಜಿ ನೀಟಾಗಿ ಬಿಡಿಸಿ ಗೋಡೆಯ ಗೂಡಿನಲ್ಲಿಟ್ಟಿದ್ದಳು, ಓದಿದವರ ಅಕ್ಷರ ಬಿಸಾಡಬಾರದೆಂದು. ಒಂದರಲ್ಲಿ ನನ್ನದೇ ಮುದ್ದಾದ ಬರವಣಿಗೆಯಲ್ಲಿತ್ತು: ಪದಗಳ ಲಕ್ಷಣವನ್ನು ಮೊದಲು ನಿಶ್ಚಯಿಸಿಕೊಳ್ಳತಕ್ಕದ್ದು. ನಾನು ಅದನ್ನು ಮಡಿಸಿ ಅಲ್ಲೇ ಇಟ್ಟೆ.

ಆಮೇಲೆ ಮೂವತ್ತು ವರ್ಷ ನಾನು ಅದೇ ತರ್ಕಶಾಸ್ತ್ರವನ್ನು ಕಾಲೇಜಿನಲ್ಲಿ ಹೇಳಿಕೊಟ್ಟೆ. ಪಾಠದ ನಡುವೆ ಹಿಂದಿನ ಬೆಂಚಿನ ಯಾರೋ ಎದ್ದು ಪೆದ್ದು ಪ್ರಶ್ನೆ ಕೇಳಿದಾಗ ಸಿಡುಕಲು ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಎಡಗಾಲಿನ ಹೆಬ್ಬೆರಳು ಜುಮ್ಮೆನ್ನುತ್ತಿತ್ತು. "ಕೂತ್ಕೊಳ್ಳಮ್ಮ, ಇನ್ನೊಂದ್ಸಲ ಹೇಳ್ತೀನಿ" ಎನ್ನುತ್ತಿದ್ದೆ. ಬಹಳ ತಾಳ್ಮೆಯ ಮೇಡಂ ಎಂದು ಹೆಸರು ಬಂತು. ಅದರ ಕೀರ್ತಿ ಯಾರಿಗೆ ಸಲ್ಲಬೇಕೆಂದು ನಿಮಗೀಗ ಗೊತ್ತು.

ನಿನ್ನೆ ಮೊಮ್ಮಗಳು ಹೇಳಿದಂತೆ ಆಮೇಲೆ ಹೋದೆ. ಗಾಢ ನಿದ್ದೆಯಲ್ಲಿದ್ದಳು. ಇಪ್ಪತ್ತೆರಡು. ಅಡುಗೆಮನೆಗೆ ಹೊರಟೆ. ಆಗ ಬೈಯಪ್ಪನಹಳ್ಳಿಯ ಕಡೆಯಿಂದ ರೈಲೊಂದು ಕೂಗಿತು. ನಾನು ಬಾಗಿಲಲ್ಲೇ ನಿಂತು ಕಿವಿಗೊಟ್ಟೆ. ನಿಲ್ಲುವ ಗಾಡಿಯೋ, ನಿಲ್ಲದ ಗಾಡಿಯೋ? ಇಷ್ಟು ವರ್ಷದಿಂದ ಕೇಳುತ್ತಿದ್ದೇನೆ, ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ.